ಥಾರ್ನ್‌ಹಿಲ್ ದಕ್ಕೆಯ ಸಾಕ್ಷಿ

ಕೊಲಂಬಿಯಾ, ಸೌತ್ ಕೆರೊಲಿನಾ
೨ ಡಿಸೆಂಬರ್ ೧೮೬೯

ಮಾನ್ಯ ಶ್ರೀಮತಿ ಬೈನಾ ಟ್ರಾಮೆಲ್ ಅವರಿಗೆ,

ಈ ಕಾಗದ ಸೇರಬೇಕಾದವರನ್ನೇ ಸೇರುತ್ತಿದೆಯೋ ಇಲ್ಲವೋ ನನಗೆ ತಿಳಿಯದು. ಗುಲಾಮಗಿರಿ ಹೋಗಿ ಸ್ವಾತಂತ್ರ್ಯ ಬಂದಾಗಿನಿಂದ ನಾಲ್ಕು ವರ್ಷ ಚರ್ಚಿನ ಪತ್ರಿಕೆಯಲ್ಲಿ ಒಂದೇ ಪ್ರಕಟಣೆ ಹಾಕಿಸುತ್ತ ಬಂದಿದ್ದೇನೆ: ‘೧೮೪೬ರ ಜನವರಿಯಲ್ಲಿ ಥಾರ್ನ್‌ಹಿಲ್ ತೋಟದಿಂದ ಮಾರಾಟವಾಗಿ ಟೆಕ್ಸಸ್ ಕಡೆಗೆ ಹೋದ ಡೋರ್ಕಸ್ ಎಂಬಾಕೆ ಮತ್ತು ಅವಳ ಮಗಳು ಬೈನಾ ವಿಷಯ ಬಲ್ಲವರು ದಯವಿಟ್ಟು ಬರೆಯಿರಿ.’ ಕಳೆದ ತಿಂಗಳು ನಿಮ್ಮೂರಿನ ಪಾದ್ರಿಯೊಬ್ಬರು ಬರೆದರು. ತಮ್ಮ ಚರ್ಚಿನ ಸಭೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಬೈನಾ ಎಂಬ ಹೆಂಗಸಿದ್ದಾಳೆ, ಅವಳು ಕೆರೊಲಿನಾದಿಂದ ಬಂದವಳೆಂದು ಹೇಳುತ್ತಾಳೆ ಎಂದು.

ನೀವು ಆ ಬೈನಾ ಆಗಿದ್ದರೆ ನಾನು ನಿಮ್ಮ ತಮ್ಮ ಮಿಂಗೊ. ಆಗ ನನಗೆ ಹತ್ತು ವರ್ಷ, ನಿಮಗೆ ಹದಿನೇಳು. ವೇರಿಂಗ್ ಎಂಬ ಮನೆತನದ ಹೆಸರು ನಾನೇ ಇಟ್ಟುಕೊಂಡದ್ದು. ಇಪ್ಪತ್ತು ವರ್ಷ ನದಿಯಲ್ಲಿ ದೋಣಿ ನಡೆಸಿದೆ. ಕಳೆದ ವರ್ಷ ನಮ್ಮ ಜಿಲ್ಲೆಯ ಜನ ನನ್ನನ್ನು ಆರಿಸಿ ಇಲ್ಲಿಗೆ ಕಳಿಸಿದ್ದಾರೆ. ನಾನೀಗ ರಾಜ್ಯದ ಶಾಸನಸಭೆಯ ಸದಸ್ಯ.

ಅಮ್ಮ ಹೇಗಿದ್ದಾಳೆ? ಒಂದು ಸಾಲು ಬರೆದರೂ ಸಾಕು.

ಮಿಂಗೊ ವೇರಿಂಗ್


ಬ್ರೆನ್ಹಮ್, ಟೆಕ್ಸಸ್
೯ ಜನವರಿ ೧೮೭೦

ಮಿಂಗೊ ವೇರಿಂಗ್ ಎಂದು ಸಹಿ ಮಾಡಿದವರಿಗೆ,

ನಿಮ್ಮ ಕಾಗದ ಬಂತು. ನಾನೇ ಓದಿದೆ. ನನ್ನ ಮೂರು ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಎರಡು ವರ್ಷದಲ್ಲಿ ಓದು ಕಲಿತವಳು ನಾನು. ಆದ್ದರಿಂದ ಯಾರಿಂದಲೋ ಓದಿಸಿಕೊಂಡು ಕಣ್ಣೀರು ಹಾಕುತ್ತಾಳೆ ಎಂದುಕೊಂಡಿದ್ದರೆ ಆ ಆಸೆ ಬಿಡಿ.

ನನ್ನ ಗಂಡ ಎಫ್ರಾಯಿಂ ಕಮ್ಮಾರ. ನಿಮ್ಮ ಕಾಗದ ಕೇಳಿ, “ಶಾಸಕನಂತೆ! ಯಾವನೋ ತಮಾಷೆ ಮಾಡ್ತಿದಾನೆ ಕಣೇ. ಮುಂದಿನ ಸಲ ಗವರ್ನರ್ ಅಂತ ಬರೀತಾನೆ ನೋಡು” ಎಂದ. ಹೋದ ವರ್ಷ ಪಕ್ಕದ ಬೀದಿಯ ಹೆಂಗಸೊಬ್ಬಳಿಗೆ ಹೀಗೆಯೇ ‘ನಾನು ನಿನ್ನ ಅಣ್ಣ’ ಎಂದು ಒಬ್ಬ ಬರೆದಿದ್ದ. ಬಂದು ಎರಡು ತಿಂಗಳು ಉಂಡು ಅವಳ ಹೇಸರಗತ್ತೆ ಹತ್ತಿಕೊಂಡು ಹೋದ. ನಮ್ಮ ಮನೆಯಲ್ಲಿ ಹೇಸರಗತ್ತೆ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನೀವು ನನ್ನ ತಮ್ಮನೇ ಆಗಿದ್ದರೆ ಇದಕ್ಕೆ ಉತ್ತರ ಕೊಡಿ. ಒಡತಿಯ ಟರ್ಕಿ ಕೋಳಿ ಕಾವಿಗೆ ಕೂತಿದ್ದ ಹನ್ನೊಂದು ಮೊಟ್ಟೆ ಏನಾದವು?

ಬೈನಾ ಟ್ರಾಮೆಲ್


ಕೊಲಂಬಿಯಾ
೪ ಫೆಬ್ರವರಿ ೧೮೭೦

ಅಕ್ಕಾ,

ಅಕ್ಕ ಎಂದೇ ಬರೆಯುತ್ತೇನೆ. ಈ ಪ್ರಶ್ನೆ ಕೇಳುವವರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ.

ಆ ಮೊಟ್ಟೆಗಳನ್ನು ನರಿ ತಿಂದಿತು. ನಾನು ಕಣ್ಣಾರೆ ನೋಡಿದೆ. ಬೇಲಿಯ ಕೆಳಗೆ ನುಸುಳಿ ಬಂದ ನರಿ, ಒಂದು ಕಿವಿ ಹರಿದಿತ್ತು. ನಾನು ಹೇಳಿದರೆ ಯಾರೂ ನಂಬಲಿಲ್ಲ. ಕಾವಲು ನಿನ್ನದು ಎಂದು ಏಟು ನಿನಗೆ ಬಿತ್ತು.

ಶಾಸಕನೆಂಬ ಮಾತನ್ನೂ ನಂಬು. ಇಲ್ಲಿನ ಶಾಸನ ಭವನದ ಕಟ್ಟಡ ಇನ್ನೂ ಮುಗಿದಿಲ್ಲ, ಮೇಲೆ ಮರದ ತಾತ್ಕಾಲಿಕ ಚಾವಣಿ. ಕೆಳಗೆ ರತ್ನಗಂಬಳಿ. ನನ್ನ ಪಕ್ಕದ ಕುರ್ಚಿಯವನು ಯುದ್ಧಕ್ಕೆ ಮುಂಚೆ ಕ್ಷೌರಿಕ, ಆಚೆಯವನು ಪಾದ್ರಿ. ಅರ್ಧಕ್ಕಿಂತ ಹೆಚ್ಚು ನಮ್ಮವರೇ.

ನನ್ನ ಮೊದಲ ಮಸೂದೆ ಥಾರ್ನ್‌ಹಿಲ್ ದಕ್ಕೆಯದು. ಹಳೆಯ ಒಡೆಯರ ಮಗ ಫಿನ್ಲೆ ಥಾರ್ನ್‌ಹಿಲ್ ಅದಕ್ಕೆ ಗೇಟು ಹಾಕಿ ಕೂತಿದ್ದಾನೆ. ಇಪ್ಪತ್ತು ಮೈಲಿಯಲ್ಲಿ ಉಗಿಹಡಗು ದಡಕ್ಕೆ ಬಂದು ನಿಲ್ಲುವ ಜಾಗ ಅದೊಂದೇ. ನಮ್ಮ ಜನ ಬೆಳೆದ ಹತ್ತಿಯನ್ನು ಅವನಿಗೇ ಮಾರಬೇಕು, ಅವನು ಹೇಳಿದಷ್ಟಕ್ಕೆ. ಇಲ್ಲವಾದರೆ ಗೇಟು ತೆರೆಯುವುದಿಲ್ಲ, ಹತ್ತಿ ಮಳೆಯಲ್ಲಿ ಕೊಳೆಯುತ್ತದೆ. ದಕ್ಕೆಯೂ ಅದಕ್ಕೆ ಹೋಗುವ ದಾರಿಯೂ ಸಾರ್ವಜನಿಕವಾಗಬೇಕು ಎಂಬುದು ನನ್ನ ಮಸೂದೆ. ಮೊನ್ನೆ ಅದರ ಮೇಲೆ ಮಾತಾಡಿದೆ. ನನ್ನ ಮಾತು ಎಲ್ಲರಿಗೂ ಚೆನ್ನಾಗಿ ಕೇಳಿಸಿತು.

ಅಮ್ಮನ ವಿಷಯ ನೀನು ಬರೆಯಲಿಲ್ಲ.

ನಿನ್ನ ಮಿಂಗೊ


ಬ್ರೆನ್ಹಮ್
೧ ಮಾರ್ಚ್ ೧೮೭೦

ಲೋ ಮಿಂಗೊ,

ಇಪ್ಪತ್ನಾಲ್ಕು ವರ್ಷವಾಯಿತು. ಊರು ಹೋಯಿತು, ಒಡೆಯರು ಹೋದರು, ಯುದ್ಧ ಬಂದು ಮುಗಿಯಿತು. ಆದರೂ ನೀನು ಅದೇ ನರಿಯನ್ನು ಹಿಡಿದುಕೊಂಡು ಕೂತಿದ್ದೀಯಲ್ಲ! ಆ ಮೊಟ್ಟೆಗಳನ್ನು ನೀನು ಚಿಪ್ಪು ಒಡೆದು ಒಂದೊಂದಾಗಿ ಕುಡಿದಿದ್ದೆ ಕಣೋ. ಗಲ್ಲದ ಮೇಲೆ ಹಳದಿ ಒಣಗಿತ್ತು, ಒರೆಸಿದವಳು ನಾನೇ. ಏಟು ತಿಂದವಳೂ ನಾನೇ. ಮೋಸಗಾರನಾದರೆ ನಿಜ ಊಹಿಸುತ್ತಿದ್ದ. ಆ ಹರಿದ ಕಿವಿಯ ಸುಳ್ಳು ನರಿ ನನ್ನ ತಮ್ಮನೊಬ್ಬನದೇ.

ಕಾಗದ ಹಿಡಿದುಕೊಂಡು ಕಮ್ಮಾರಸಾಲೆಗೆ ಓಡಿದೆ. ಎಫ್ರಾಯಿಂ ಸುತ್ತಿಗೆ ಕೆಳಗಿಟ್ಟು, “ಹಂಗಾರೆ ನಿಜವಾಗ್ಲೂ ಶಾಸಕನಾ? ಇಂಥಾ ಸುಳ್ಳುಗಾರನ್ನ ಆರಿಸಿದ್ರಾ ಜನ?” ಎಂದು ನಕ್ಕ. ನಾನು ಇದ್ದಿಲ ರಾಶಿಯ ಮೇಲೆ ಕೂತು ಅತ್ತೆ. ಒಗೆದ ಲಂಗ ಎಂಬುದೂ ನೆನಪಾಗಲಿಲ್ಲ.

ನಿನಗೆ ಮದುವೆಯಾಗಿದೆಯೇ? ಅಡುಗೆ ಯಾರು ಮಾಡುತ್ತಾರೆ? ಆ ಗಂಬಳಿಯ ಮೇಲೆ ನಡೆಯುವಾಗ ಬೂಟು ಒರೆಸಿಕೊಳ್ಳುತ್ತೀಯೋ ಇಲ್ಲವೋ? ದೊಡ್ಡವರ ಮಧ್ಯೆ ಕೂತು ನೀನೂ ದೊಡ್ಡಸ್ತಿಕೆ ಕಲಿತಿರಬಹುದು ಎಂದು ನನಗೆ ಅನುಮಾನ.

ನಿನ್ನ ಅಕ್ಕ ಬೈನಾ


ಕೊಲಂಬಿಯಾ
೨೦ ಮಾರ್ಚ್ ೧೮೭೦

ಅಕ್ಕಾ,

ದೊಡ್ಡಸ್ತಿಕೆಗೆ ಇಲ್ಲಿ ಅವಕಾಶವೇ ಇಲ್ಲ. ನಿಜ ಹೇಳಿಬಿಡುತ್ತೇನೆ. ನನ್ನ ಮಾತು ಎಲ್ಲರಿಗೂ ಕೇಳಿಸಿತು ಎಂದು ಬರೆದಿದ್ದೆನಲ್ಲ, ಬೀದಿಯಲ್ಲಿದ್ದ ಕುದುರೆಗಳಿಗೂ ಕೇಳಿಸಿತಂತೆ. ಇಪ್ಪತ್ತು ವರ್ಷ ನದಿಯ ಗಾಳಿಯಲ್ಲಿ ಕೂಗಿ ಬೆಳೆದ ಗಂಟಲು ಇದು. ಸಭಾಧ್ಯಕ್ಷರು ಸುತ್ತಿಗೆ ಕುಟ್ಟಿ, “ಮಾನ್ಯ ಸದಸ್ಯರೇ, ನಾವ್ಯಾರೂ ಆಚೆ ದಡದಲ್ಲಿ ನಿಂತಿಲ್ಲ” ಎಂದರು. ಸಭೆಯೆಲ್ಲ ನಕ್ಕಿತು. ಅಲ್ಲಿಗೆ ಮುಂದೆ ಹೇಳಬೇಕಾದದ್ದೆಲ್ಲ ಮರೆತುಹೋಯಿತು.

ಮಸೂದೆ ಬಿತ್ತು. ರಸ್ತೆ ಮತ್ತು ಸೇತುವೆಗಳ ಸಮಿತಿಯ ಮುಂದೆ ಥಾರ್ನ್‌ಹಿಲ್‌ನ ವಕೀಲ ಲೀಥ್ ಬಂದು, “ಆ ದಕ್ಕೆ ಮೊದಲಿನಿಂದಲೂ ಮನೆಯವರ ಸ್ವಂತದ್ದು, ಮನೆಯ ನೆಂಟರಿಷ್ಟರ ಹೊರತು ಬೇರೆಯವರು ಅಲ್ಲಿ ಕಾಲಿಟ್ಟಿಲ್ಲ” ಎಂದ. ಇಪ್ಪತ್ತು ವರ್ಷಕ್ಕಿಂತ ಹಿಂದಿನಿಂದ ಊರವರೆಲ್ಲ ತಡೆಯಿಲ್ಲದೆ ಬಳಸುತ್ತಿದ್ದರು ಎಂದು ತೋರಿಸಿದರೆ ಮಾತ್ರ ಸಮಿತಿ ಒಪ್ಪುತ್ತದೆ. ಮಸೂದೆ ತಂದವನು ನಾನು, ನನ್ನ ಸಾಕ್ಷಿ ನಡೆಯುವುದಿಲ್ಲ. ಬಲ್ಲ ಮುದುಕರೆಲ್ಲ ಥಾರ್ನ್‌ಹಿಲ್ ನೆಲದ ಮೇಲೆಯೇ ಗುಡಿಸಲು ಹಾಕಿಕೊಂಡಿದ್ದಾರೆ. ಬಾಯಿ ಬಿಟ್ಟರೆ ಗುಡಿಸಲು ಹೋಗುತ್ತದೆ.

ಮದುವೆಯಾಗಿಲ್ಲ. ಅನ್ನ, ಅಲಸಂದೆ ಬೇಯಿಸಿಕೊಳ್ಳಲು ನನಗೇ ಬರುತ್ತದೆ. ಬೂಟು ಒರೆಸಿಕೊಳ್ಳುತ್ತೇನೆ.

ಮೂರನೆಯ ಸಲ ಕೇಳುತ್ತಿದ್ದೇನೆ. ಅಮ್ಮನಿಗೆ ನನ್ನ ಮೇಲೆ ಕೋಪ ಎಂದು ನನಗೆ ಗೊತ್ತು. ನಿಮ್ಮನ್ನು ಮಾರಿ ಕಳಿಸಿದ ಆ ದಿನ ನಾನು ದಕ್ಕೆಯ ಪಕ್ಕದ ಜೊಂಡಿನಲ್ಲಿ ಅಡಗಿಕೊಂಡೆ. ಬೀಳ್ಕೊಡಲು ಬರಲಿಲ್ಲ. ಅವಳೂ ನನ್ನ ಕಡೆ ಒಮ್ಮೆಯೂ ತಿರುಗಿ ನೋಡದೆ ಹಡಗು ಹತ್ತಿದಳು. ಅವಳಿಗೆ ನನ್ನೊಂದಿಗೆ ಮಾತು ಬೇಡವಾದರೆ ಹಾಗೆಂದು ನೀನಾದರೂ ಬರೆ.

ಮಿಂಗೊ


ಬ್ರೆನ್ಹಮ್
೩೦ ಮೇ ೧೮೭೦

ಮಿಂಗೊ,

ಎರಡು ತಿಂಗಳು ಈ ಕಾಗದವನ್ನು ಬರೆದು ಬರೆದು ಒಲೆಗೆ ಹಾಕಿದ್ದೇನೆ. ಇದನ್ನು ಹಾಕುವುದಿಲ್ಲ.

ಅಮ್ಮ ತೀರಿಕೊಂಡು ಹದಿನೇಳು ವರ್ಷವಾಯಿತು. ಹಳದಿ ಜ್ವರ ಬಂದ ವರ್ಷ. ನನ್ನ ಕೈಯಲ್ಲೇ ಹೋದಳು. ಇಷ್ಟು ವರ್ಷ ಹುಡುಕಿದವನಿಗೆ ಮೊದಲ ಕಾಗದದಲ್ಲೇ ಇದನ್ನು ಬರೆದರೆ ನೀನು ಹುಡುಕುವುದನ್ನೇ ನಿಲ್ಲಿಸಿಬಿಡುತ್ತೀಯೋ ಎಂದು ಹೆದರಿದೆ. ಅಮ್ಮ ಇಲ್ಲದ ಮೇಲೆ ಅಕ್ಕ ಯಾಕೆ ಎಂದುಕೊಂಡರೆ? ತಪ್ಪು ನನ್ನದು.

ಈಗ ಇನ್ನೊಂದು ಮಾತು ಕೇಳು. ಅವಳು ನಿನ್ನನ್ನು ನೋಡಿದ್ದಳು. ಜೊಂಡಿನ ನಡುವೆ ನಿನ್ನ ಕೆಂಪು ಟೊಪ್ಪಿ ಕಾಣುತ್ತಿತ್ತು. ಅದಕ್ಕೆ ಸ್ವಲ್ಪ ಮುಂಚೆ ನಮ್ಮನ್ನು ಕೊಂಡ ವ್ಯಾಪಾರಿ, “ಇವಳಿಗೊಬ್ಬ ಮಗ ಇದಾನಂತಲ್ಲ, ಅವನನ್ನೂ ಸೇರ್ಸಿ, ಎಲ್ಲಿ ಅವನು?” ಎಂದು ಕೇಳಿದ್ದ. ಅಮ್ಮ “ಕಾಡಿಗೆ ಓಡಿಹೋದ ಸ್ವಾಮಿ” ಎಂದಳು. ನಾನು ನಿನ್ನ ಕಡೆ ತಿರುಗಲು ಹೋದರೆ ನನ್ನ ತೋಳು ಚಿವುಟಿ, “ಆ ಕಡೆ ನೋಡ್ಬೇಡ. ನೀನು ನೋಡಿದ್ರೆ ಅವರೂ ನೋಡ್ತಾರೆ” ಎಂದಳು. ಹಲಗೆಯ ಮೇಲೆ ಹತ್ತುವಾಗ ಆ ಹೆಂಗಸಿನ ಕತ್ತು ಎಷ್ಟು ನೆಟ್ಟಗಿತ್ತು ಎಂದು ನಾನೊಬ್ಬಳೇ ಬಲ್ಲೆ. ನಡುಗುತ್ತಿತ್ತು, ಆದರೂ ತಿರುಗಲಿಲ್ಲ.

ಸಾಯುವವರೆಗೂ ಹೇಳುತ್ತಿದ್ದಳು: “ಒಬ್ಬನನ್ನಾದ್ರೂ ಉಳಿಸ್ಕೊಂಡೆ.”

ಕೋಪವಂತೆ ಕೋಪ. ಹುಚ್ಚಪ್ಪ.

ಬೈನಾ


ಥಾರ್ನ್‌ಹಿಲ್ ದಕ್ಕೆಯ ಬಳಿ
೧೨ ಸೆಪ್ಟೆಂಬರ್ ೧೮೭೦

ಅಕ್ಕಾ,

ನಿನ್ನ ಕಾಗದ ಬಂದ ದಿನ ನಾನು ಜೊಂಡಿನ ಜಾಗಕ್ಕೆ ಹೋಗಿ ಕೂತುಬಂದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಮುಂದಿನ ತಿಂಗಳು ಚುನಾವಣೆ. ಮತ್ತೆ ನಿಂತಿದ್ದೇನೆ. ಸಭೆಗಳು ಚೆನ್ನಾಗಿ ನಡೆಯುತ್ತಿವೆ. ಗೆಣಸು ಬೆಳೆ ಈ ಸಲ ಒಳ್ಳೆಯದು. ಹತ್ತಿಯೂ ಬಿಳಿ ಬಿಟ್ಟಿದೆ, ಗೇಟಿನ ಹೊರಗೆ ಗಾಡಿಗಳು ನಿಂತಿವೆ. ಬಿಸಿಲಿಗೆ ಕೈ ಬೆವರುತ್ತದೆ, ಅಕ್ಷರ ವಾಲಿದ್ದರೆ ಬೇಸರ ಮಾಡಬೇಡ.

ಒಂದು ವಿಷಯ ಕೇಳಬೇಕಿತ್ತು, ಕೇಳಲು ನಾಲಗೆ ಬರುವುದಿಲ್ಲ. ಆ ದಿನ ದಕ್ಕೆಯ ಮೇಲೆ ನಮ್ಮವರನ್ನು ಬಿಟ್ಟು ಬೇರೆ ಯಾರಿದ್ದರು ಎಂದು ನಿನಗೆ ನೆನಪಿದೆಯೇ? ನೆನಪು ಮಾಡಿಕೊಳ್ಳಲು ಇಷ್ಟವಿಲ್ಲದಿದ್ದರೆ ಬಿಟ್ಟುಬಿಡು.

ಮಿಂಗೊ


ಬ್ರೆನ್ಹಮ್
೨ ಅಕ್ಟೋಬರ್ ೧೮೭೦

ಮಿಂಗೊ,

ಬಿಸಿಲಿಗೆ ಬೆವರಿದ ಕೈಯಂತೆ! ಅಕ್ಷರ ವಾಲಿಲ್ಲ, ತಿರುಗಿ ನಿಂತಿವೆ. ನನ್ನ ಚಿಕ್ಕ ಮಗ ಎಡಚ, ಅವನು ಬರೆಯುವುದು ಹೀಗೆಯೇ. ಅದೇ ವಾರ ಚರ್ಚಿನ ಪತ್ರಿಕೆಯೂ ಬಂತು. ‘ಸಭೆ ಮುಗಿಸಿ ಬರುತ್ತಿದ್ದ ಶಾಸಕ ವೇರಿಂಗ್ ಅವರನ್ನು ಮುಖಕ್ಕೆ ಬಟ್ಟೆ ಕಟ್ಟಿದ ಐವರು ಹಾಡಹಗಲೇ ಕುದುರೆಯಿಂದ ಎಳೆದು ಬಲಗೈ ಮುರಿದಿದ್ದಾರೆ.’ ನಿನ್ನ ಕಾಗದದಲ್ಲಿ ಗೆಣಸಿನ ಬೆಳೆ!

ಗೆಣಸು ನನಗೆ ಬೇಡ. ನನ್ನಿಂದ ಇನ್ನೊಮ್ಮೆ ಇಂಥದ್ದನ್ನು ಮುಚ್ಚಿಟ್ಟರೆ ನಾನು ಅಲ್ಲಿಗೇ ಬಂದು ಆ ಇನ್ನೊಂದು ಕೈ ಮುರಿಯುತ್ತೇನೆ. ಮೂಳೆ ಸರಿಯಾಗಿ ಕೂಡಿಸಿದ್ದಾರೆಯೇ? ದನಕ್ಕೆ ಕಟ್ಟುವಂತೆ ಕಟ್ಟಿದ್ದರೆ ಬಿಚ್ಚಿಸಿ ಮತ್ತೆ ಕಟ್ಟಿಸಿಕೋ.

ನೀನು ಕೇಳಿದ್ದಕ್ಕೆ ಉತ್ತರ. ಆ ದಿನ ಬುಧವಾರ, ಜನವರಿ ಹದಿನಾಲ್ಕು. ದಕ್ಕೆಯ ಕಂಬಕ್ಕೆ ಅಂಚೆಯ ಚೀಲ ನೇತುಹಾಕಿತ್ತು. ಮೂರು ಊರಿನ ಅಂಚೆ ಅಲ್ಲಿಂದಲೇ ಹೋಗುತ್ತಿತ್ತು. ನ್ಯಾಯಾಧೀಶರೊಬ್ಬರು ಹಡಗಿನಿಂದ ಇಳಿದು ಬೂಟಿಗೆ ಕೆಸರಾಯಿತೆಂದು ಗೊಣಗಿದರು. ತಗಡಿನ ಪಾತ್ರೆ ಮಾರುವವನು ತನ್ನ ಗಂಟು ಬಿಚ್ಚಿ ಕೂತಿದ್ದ. ಪಕ್ಕದ ಜಿಲ್ಲೆಯಿಂದ ಕರೆತಂದ ಹದಿನಾಲ್ಕು ಜನರನ್ನು ಹಗ್ಗದಲ್ಲಿ ಕಟ್ಟಿ ಸಾಲಾಗಿ ನಿಲ್ಲಿಸಿದ್ದರು. ಅವರಲ್ಲಿ ಒಬ್ಬರೂ ಥಾರ್ನ್‌ಹಿಲ್ ಮನೆಯವರಲ್ಲ. ಗೇಟು ಎಂಬುದೇ ಇರಲಿಲ್ಲ.

ನಮ್ಮನ್ನು ಮಾರುವಾಗ ಊರಿಗೆಲ್ಲ ಸೇರಿದ್ದ ದಕ್ಕೆ, ನಮ್ಮ ಹತ್ತಿ ಬಂದಾಗ ಮನೆಯವರದಾಯಿತೇ? ಆ ವಕೀಲನನ್ನು ಕೇಳು.

ಬೈನಾ


ಕೊಲಂಬಿಯಾ
೧೪ ಡಿಸೆಂಬರ್ ೧೮೭೦

ಅಕ್ಕಾ,

ಗೆದ್ದೆ. ಕೈಗೆ ಜೋಳಿಗೆ ಕಟ್ಟಿಕೊಂಡೇ ಊರೂರು ತಿರುಗಿದೆ. ಮತ ಹಾಕಲು ಜನ ಹನ್ನೆರಡು ಮೈಲಿ ನಡೆದುಬಂದರು. ಬೆದರಿಕೆ ಇದೆಯೆಂದು ಒಂಟಿಯಾಗಿ ಬರಲಿಲ್ಲ, ಇಡೀ ಚರ್ಚು ಒಟ್ಟಾಗಿ ಹಾಡು ಹೇಳಿಕೊಂಡು ಬಂತು. ಹೋದ ಸಲಕ್ಕಿಂತ ಎರಡರಷ್ಟು ಮತ ಬಿದ್ದಿವೆ.

ಮಸೂದೆಯನ್ನು ಮತ್ತೆ ತಂದು ನಿನ್ನ ಕಾಗದವನ್ನು ಸಮಿತಿಯ ಮುಂದೆ ಓದಿದೆ. ಈ ಸಲ ಕೂಗಲಿಲ್ಲ. ಓದಿ ಮುಗಿಸಿ ಕಾಗದವನ್ನು ಮೇಜಿನ ಮೇಲಿಟ್ಟೆ. ಆಗ ವಕೀಲ ಲೀಥ್ ಎದ್ದು, “ಟೆಕ್ಸಸ್ಸಿನ ಯಾವಳೋ ಅಗಸಗಿತ್ತಿ ಬರೆದಳಂತೆ! ಇಂಥಾ ಹೆಂಗಸು ಇದ್ದಾಳೆ ಅನ್ನೋದಕ್ಕೇ ಏನು ಆಧಾರ? ಕಾಗದ ಯಾರು ಬೇಕಾದ್ರೂ ಬರೀಬಹುದು. ಮಾನ್ಯ ಸದಸ್ಯರಿಗೆ ಎಡಗೈಲೂ ಬರಿಯೋಕೆ ಬರುತ್ತೆ ಅಂತ ಕೇಳಿದೀನಿ” ಎಂದ. ಅವನ ಕಡೆಯವರು ನಕ್ಕರು.

ಸಮಿತಿಯ ಅಧ್ಯಕ್ಷರು ನಮ್ಮವರೇ, ವಯಸ್ಸಾದ ಪಾದ್ರಿ. ಸಾಕ್ಷಿ ಎದುರಿಗೆ ನಿಂತು ಪ್ರಮಾಣ ಮಾಡಿ ಹೇಳಿದರೆ ಸಾಕು, ಜನವರಿ ಕೊನೆಯವರೆಗೆ ಕಾಯುತ್ತೇವೆ ಎಂದರು. ನಾನು ಏನೂ ಒಪ್ಪಿಕೊಂಡಿಲ್ಲ. ಸಾವಿರ ಮೈಲಿ. ಬರಲೇಬೇಕೆಂದು ನಾನು ಕೇಳುತ್ತಿಲ್ಲ ಅಕ್ಕಾ.

ಮಿಂಗೊ


ಬ್ರೆನ್ಹಮ್
೩ ಜನವರಿ ೧೮೭೧

ಮಿಂಗೊ,

ನಾನು ಇದ್ದೇನೋ ಇಲ್ಲವೋ ಎಂದು ಅನುಮಾನ ಪಡುವವನನ್ನು ನೋಡಬೇಕು. ಹೊರಟಿದ್ದೇನೆ. ಚರ್ಚಿನ ಹೆಂಗಸರು ಕಪ್ಪು ರೇಷ್ಮೆಯ ಲಂಗ ಹೊಲಿದುಕೊಟ್ಟಿದ್ದಾರೆ. ಎಫ್ರಾಯಿಂ ಮಕ್ಕಳನ್ನು ನೋಡಿಕೊಳ್ಳುತ್ತಾನೆ. ಸಾರು ಮಾಡಲು ಬರುವುದಿಲ್ಲ, ರೊಟ್ಟಿ ಸುಡಲು ಬರುತ್ತದೆ, ಸುಟ್ಟೇ ಹಾಕುತ್ತಾನೆ.

ಗಾಲ್ವೆಸ್ಟನ್‌ನಿಂದ ಹಡಗು ಹತ್ತಬೇಕು. ಆ ದಿನದ ಮೇಲೆ ನಾನು ಹಡಗು ಹತ್ತಿಲ್ಲ. ಅದರ ಬಗ್ಗೆ ಬಂದ ಮೇಲೆ ಏನೂ ಕೇಳಬೇಡ.

ಬೈನಾ


ಬ್ರೆನ್ಹಮ್
೨೪ ಫೆಬ್ರವರಿ ೧೮೭೧

ಮಿಂಗೊ,

ಸುಖವಾಗಿ ಬಂದು ಸೇರಿದೆ. ನೀನು ಕಟ್ಟಿಕೊಟ್ಟ ಅನ್ನದ ಗಂಟು ದಾರಿಯ ಮಾಂಟ್‌ಗೊಮೆರಿ ಪೇಟೆಯವರೆಗೆ ಬಂತು. ಹುಳಿ ಹತ್ತಿರಲಿಲ್ಲ.

ಹತ್ತೊಂಬತ್ತು ದಿನ ನಿನ್ನ ಜೊತೆ ಇದ್ದೆ. ದಿನಾ ಒಂದೇ ಪ್ರಶ್ನೆ ಕೇಳಿದೆ ನೀನು: “ನನ್ನನ್ನ ಹೊರಗೆ ಕಳಿಸಿದ ಮೇಲೆ ಒಳಗೆ ಏನಾಯ್ತು? ಲೀಥ್ ಯಾಕೆ ತಕರಾರು ವಾಪಸ್ ತಗೊಂಡ?” ನಾನು ಏನೂ ಇಲ್ಲ ಎಂದೆ. ಅಧ್ಯಕ್ಷರನ್ನು ಕೇಳಿದ್ದಕ್ಕೆ ಅವರು ನಿನ್ನ ಅಕ್ಕನನ್ನೇ ಕೇಳು ಎಂದರಂತೆ. ನಾನೇ ಹೇಳುತ್ತೇನೆಂದು ಅವರ ಬಾಯಿ ಕಟ್ಟಿಹಾಕಿದ್ದೆ. ನಿನ್ನ ಕೈ ಆಗಷ್ಟೇ ಕೂಡಿಕೊಂಡಿತ್ತು. ಅಲ್ಲೇ ಹೇಳಿದ್ದರೆ ಅದನ್ನು ಇನ್ನೊಬ್ಬರ ದವಡೆಯ ಮೇಲೆ ಮತ್ತೆ ಮುರಿದುಕೊಳ್ಳುತ್ತಿದ್ದೆ. ಈಗ ಸಾವಿರ ಮೈಲಿ ದೂರದಲ್ಲಿದ್ದೇನೆ, ಹೇಳುತ್ತೇನೆ.

ಬೈಬಲ್ ಮುಟ್ಟಿ ಪ್ರಮಾಣ ಮಾಡಿದೆ. ಲೀಥ್ ಎದ್ದು, “ಏನೇ, ನಿನ್ನ ಹೆಸರೇನು?” ಎಂದ. ಅಧ್ಯಕ್ಷರು, “ವಕೀಲರೇ, ಸಾಕ್ಷಿಯನ್ನ ಶ್ರೀಮತಿ ಟ್ರಾಮೆಲ್ ಅಂತ ಕರೀರಿ. ಇಲ್ಲಾಂದ್ರೆ ಕೂತ್ಕೊಳ್ಳಿ” ಎಂದರು. ಮಿಂಗೊ, ಆ ಹೆಸರು ಅವನ ಗಂಟಲಿನಿಂದ ಹೊರಡಲು ಎಷ್ಟು ಹೊತ್ತು ಹಿಡಿಯಿತು ಗೊತ್ತೇ? ನಾನು ಅವಸರ ಮಾಡಲಿಲ್ಲ. ನಿಂತು ಕಾದೆ.

ಅವನು ಹತ್ತಿರ ಬಂದಾಗ ಮುಖ ಸರಿಯಾಗಿ ನೋಡಿದೆ. ಎಡಗಣ್ಣಿನ ರೆಪ್ಪೆ ಅರ್ಧ ಜೋತುಬಿದ್ದಿತ್ತು. ಕಾಗದ ಮಗುಚುವ ಮುಂಚೆ ಹೆಬ್ಬೆರಳು ನಾಲಗೆಗೆ ತಾಗಿಸಿದ. ಆ ದಿನ ದಕ್ಕೆಯ ಮೇಲೆ ಪೀಪಾಯಿಯ ಮುಂದೆ ನಿಂತು ನಮ್ಮ ಪಟ್ಟಿ ಓದಿದ ಗುಮಾಸ್ತ ಅವನೇ. ಆಗ ಇಪ್ಪತ್ತು ವರ್ಷದವನಿದ್ದಿರಬೇಕು.

“ಇಪ್ಪತ್ತೈದು ವರ್ಷದ ಹಿಂದಿನ ಮಾತು. ಹದಿನೇಳು ವರ್ಷದ ಹುಡುಗಿ ಹೆದರಿಕೆಯಲ್ಲಿ ಏನು ನೋಡಿರ್ತೀರಿ?” ಎಂದು ಕೇಳಿದ.

“ನಿಮ್ಮನ್ನ ನೋಡಿದೆ ಸ್ವಾಮಿ” ಎಂದೆ.

ಅವನು ನಕ್ಕು, “ನನ್ನನ್ನ? ಇದು ಹುಚ್ಚು ಮಾತು” ಎಂದ.

“ಪಕ್ಕದ ಜಿಲ್ಲೆ ವ್ಯಾಪಾರಿಯ ಗುಮಾಸ್ತರಾಗಿದ್ರಿ ನೀವು. ಪೀಪಾಯಿ ಮೇಲೆ ಕಾಗದ ಇಟ್ಕೊಂಡು ಹೆಸರು ಓದಿದ್ರಿ. ನೀವು ಓದಿದ ಹಾಗೇ ಹೇಳ್ಲಾ?” ಎಂದೆ. ಅಧ್ಯಕ್ಷರು ಹೇಳಮ್ಮ ಎಂದರು. ನಾನು ಹೇಳಿದೆ. ಕ್ಯಾಟೋ, ನಲವತ್ತು, ಬಡಗಿ. ಹ್ಯಾಗರ್, ಇಪ್ಪತ್ತೆರಡು, ಬಸುರಿ. ಹುಡುಗ ಜುಲೈ, ಹದಿನಾರು ವರ್ಷ, ಗಟ್ಟಿಮುಟ್ಟು. ದೊಡ್ಡ ಸ್ಯಾಮ್ಸನ್, ಒಂದು ಬೆರಳಿಲ್ಲ. ಅವನ ತಂಗಿ ಫಿಬಿ. ಹೀಗೆ ಹದಿನಾಲ್ಕನ್ನೂ. ಕೊನೆಯಲ್ಲಿ ನಮ್ಮ ತೋಟದ ಎರಡು: ಡೋರ್ಕಸ್, ಬೈನಾ. ಹಡಗಿನಲ್ಲಿ ಅಮ್ಮ ಈ ಹೆಸರುಗಳನ್ನು ದಿನಾ ನನ್ನಿಂದ ಹೇಳಿಸುತ್ತಿದ್ದಳು. ಯಾರಾದರೂ ಇವರನ್ನು ಕೇಳಿಕೊಂಡು ಬಂದರೆ ಹೇಳಲು ಒಬ್ಬರು ಇರಬೇಕಲ್ಲ ಎಂದು.

ಆಮೇಲೆ ಕೇಳಿದೆ: “ನೀವು ಹೇಳಿ ಸ್ವಾಮಿ. ಆವತ್ತು ನೀವು ಥಾರ್ನ್‌ಹಿಲ್ ಮನೆಯ ನೆಂಟರಾಗಿ ಬಂದಿದ್ರಾ? ಅಥವಾ ದಕ್ಕೆ ಎಲ್ಲರದ್ದಾಗಿತ್ತು ಅಂತ ಬಂದಿದ್ರಾ?”

ಸಮಿತಿಯಲ್ಲಿದ್ದ ಬಿಳಿಯ ಮುದುಕರೊಬ್ಬರು ಮೂಗಿನ ಮೇಲಿನ ಕನ್ನಡಕ ತೆಗೆದು, “ಉತ್ತರ ಕೊಡಿ ಲೀಥ್” ಎಂದರು. ಅವನು ಕಾಗದಗಳನ್ನು ಜೋಡಿಸಿಕೊಂಡು, “ನನ್ನ ಕಕ್ಷಿದಾರರ ಪರವಾಗಿ ಇನ್ನೇನೂ ಹೇಳೋದಿಲ್ಲ” ಎಂದು ಹೊರಟ. ಬಾಗಿಲಲ್ಲಿ ನೀನು ನಿಂತಿದ್ದೆ. ನಿನ್ನ ಪಕ್ಕದಲ್ಲೇ ಹಾದುಹೋದ, ಟೊಪ್ಪಿ ಮರೆತು.

ಅಧ್ಯಕ್ಷರು ನನಗೆ ಕುರ್ಚಿ ತೋರಿಸಿ ಕೂರಲು ಹೇಳಿದರು. ನಾನು ಕೂರಲಿಲ್ಲ. ಕೂತಿದ್ದರೆ ಏಳುತ್ತಿರಲಿಲ್ಲ. ಹೊರಗೆ ಬಂದು ನಿನಗೆ ಏನೂ ಇಲ್ಲ, ಹಸಿವಾಗಿದೆ ಎಂದೆ. ಹಸಿವಾದದ್ದು ನಿಜ.

ಬೈನಾ


ಕೊಲಂಬಿಯಾ
೧೧ ಮಾರ್ಚ್ ೧೮೭೧

ಅಕ್ಕಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನೀನು ಅಲ್ಲೇ ಹೇಳದಿದ್ದದ್ದು ಒಳ್ಳೆಯದಾಯಿತು. ಅಧ್ಯಕ್ಷರ ಹತ್ತಿರ ಹೋಗಿ, “ನಮ್ಮಕ್ಕ ಹೇಳಿದ್ಲು” ಎಂದೆ. ಅವರು ನನ್ನ ಭುಜ ತಟ್ಟಿ, “ಮೂವತ್ತು ವರ್ಷ ಉಪದೇಶ ಮಾಡಿದೀನಿ ವೇರಿಂಗ್, ಅಂಥಾದ್ದೊಂದು ಕೇಳಿರಲಿಲ್ಲ” ಎಂದರು.

ಈಗ ಸುದ್ದಿ. ಮಸೂದೆ ಹೋದ ವಾರ ಸಭೆಯ ಮುಂದೆ ಬಂತು. ನನಗೆ ಮಾತಾಡಲು ಕಾಲು ಗಂಟೆ ಕೊಟ್ಟಿದ್ದರು. ನಾನು ಮೂರು ಮಾತು ಹೇಳಿದೆ: ದಕ್ಕೆ ಎಲ್ಲಿದೆ, ಅಲ್ಲಿಂದ ಯಾರು ಹೋದರು, ಈಗ ಅಲ್ಲಿಂದ ಏನು ಹೋಗಬೇಕು. ಹೇಳಿ ಕೂತೆ. ಆಮೇಲೆ ಹೆಸರು ಕರೆದು ಮತ ಕೇಳಲು ಶುರುಮಾಡಿದರು. ವೇರಿಂಗ್ ಎಂಬ ಹೆಸರು ಪಟ್ಟಿಯ ತುದಿಯಲ್ಲಿ ಬರುತ್ತದೆ. ಒಬ್ಬೊಬ್ಬರೂ ಎದ್ದು ‘ಹೌದು’ ಎನ್ನುವಾಗ ಬೆರಳು ಮಡಿಸುತ್ತಿದ್ದೆ, ಬೆರಳು ಸಾಲಲಿಲ್ಲ. ನನ್ನ ಸರದಿ ಬರುವ ಹೊತ್ತಿಗೆ ಗೆದ್ದು ಆಗಿಹೋಗಿತ್ತು. ಎಣಿಸುತ್ತಲೇ ಇದ್ದೆ, ನನ್ನ ಹೆಸರು ಕರೆದದ್ದು ಕೇಳಲಿಲ್ಲ. ಸಭೆಯ ಗುಮಾಸ್ತ ಎರಡನೆಯ ಸಲ ಕರೆದ. ಆಗ ಬಂತು ನೋಡು, ನದಿಯ ದನಿ. “ಹೌದು!” ಎಂದದ್ದು ಚಾವಣಿಯ ಹಲಗೆಗಳಿಗೆ ತಾಗಿ ಧೂಳು ಉದುರಿತು. ಸಭಾಧ್ಯಕ್ಷರು ಸುತ್ತಿಗೆ ಕುಟ್ಟಲಿಲ್ಲ. ಅವರೇ ಚಪ್ಪಾಳೆ ತಟ್ಟಿದರು. ಗ್ಯಾಲರಿಯಲ್ಲಿ ಹೆಂಗಸರು ಹಾಡಲು ಶುರುಮಾಡಿದರು, ಯಾರೂ ನಿಲ್ಲಿಸಲಿಲ್ಲ.

ನಮಗೆ ಅರವತ್ತೇಳು ಮತ, ಅವರಿಗೆ ಮೂವತ್ತೆಂಟು. ನಿನಗೆ ಶ್ರೀಮತಿ ಎನ್ನಲಾರದ ಪಕ್ಷದವರಲ್ಲೂ ಆರು ಜನ ನಮ್ಮ ಕಡೆ ಮತ ಹಾಕಿದರು. ಮೂಗಿನ ಮೇಲೆ ಕನ್ನಡಕದ ಆ ಮುದುಕರೂ ಒಬ್ಬರು. ಮೇಲ್ಮನೆ ಸೆನೆಟ್ಟೂ ಒಪ್ಪಿತು. ನಿನ್ನೆ ಗವರ್ನರ್ ಸಹಿಯಾಯಿತು. ಸಹಿಯ ಶಾಯಿ ಒಣಗುವವರೆಗೆ ಅಲ್ಲೇ ನಿಂತಿದ್ದೆ, ಹೊರಗೆ ಹೋಗಿ ಎನ್ನುವವರೆಗೂ.

ಮಿಂಗೊ


ಥಾರ್ನ್‌ಹಿಲ್ ದಕ್ಕೆ
೧೯ ಅಕ್ಟೋಬರ್ ೧೮೭೧

ಅಕ್ಕಾ,

ಹತ್ತಿ ಕಾಲ ಬಂತು. ಇವತ್ತು ನಡೆದದ್ದನ್ನು ಇವತ್ತೇ ಬರೆಯುತ್ತಿದ್ದೇನೆ, ಬಲಗೈಯಲ್ಲಿ.

ಗೇಟನ್ನು ಕಿತ್ತು ಆರು ತಿಂಗಳಾಯಿತು. ಈಗ ದಕ್ಕೆಯ ಮೇಲೆ ಕಟ್ಟಳೆ ಒಂದೇ. ಮೊದಲು ಬಂದವರು ಮೊದಲು ಹೇರಬೇಕು. ಮುಂಜಾನೆಯಿಂದ ಮೂವತ್ತು ಗಾಡಿ ಸಾಲು ನಿಂತಿದ್ದವು. ಎಲ್ಲಕ್ಕಿಂತ ಮುಂದೆ ಸೂಕಿ ಅತ್ತೆ. ಎಪ್ಪತ್ತು ದಾಟಿದ ವಿಧವೆ, ಈ ದಕ್ಕೆಯಿಂದ ಮಾರಿಹೋದ ಮೂರು ಮಕ್ಕಳನ್ನು ಕಳೆದುಕೊಂಡವಳು. ಎರಡೇ ಮೂಟೆ ಹತ್ತಿ, ಗಾಡಿಗೆ ಕುಂಟು ಎತ್ತು. ಅದು ಅವಳ ಸ್ವಂತ ಬೆಳೆ, ಅವಳೇ ಬಿಡಿಸಿದ್ದು.

ಒಂಬತ್ತು ಗಂಟೆಗೆ ಫಿನ್ಲೆ ಥಾರ್ನ್‌ಹಿಲ್‌ನ ಎಂಟು ಗಾಡಿ ಬಂದವು. ಅವನ ಮೇಸ್ತ್ರಿ ಕುದುರೆಯ ಮೇಲಿಂದಲೇ, “ದಾರಿ ಬಿಡ್ರೋ, ಒಡೆಯರ ಹತ್ತಿ!” ಎಂದು ಕೂಗಿದ. ಒಬ್ಬರೂ ಅಲ್ಲಾಡಲಿಲ್ಲ. ಕೆಲವು ಮುದುಕರ ಕೈ ಮಾತ್ರ ಎತ್ತಿನ ಹಗ್ಗದ ಕಡೆ ಹೋಯಿತು, ಅಭ್ಯಾಸಬಲ.

ಸೂಕಿ ಅತ್ತೆ ಗಾಡಿಯ ಮೇಲಿಂದ ತಿರುಗಿ, “ಸಾಲು ಆ ಕಡೆಯಿಂದ ಸ್ವಾಮಿ. ಕೊನೇಲಿ ಬಿಳಿ ಹೋರಿ ಕಾಣ್ತದಲ್ಲ, ಅದರ ಹಿಂದೆ” ಎಂದಳು.

ಮೇಸ್ತ್ರಿ ನನ್ನನ್ನು ಕಂಡು, “ಶಾಸಕರೇ, ನೀವಾದ್ರೂ ಹೇಳಿ ಈ ಮುದುಕಿಗೆ” ಎಂದ.

“ಕಾನೂನು ನಾನು ಮಾಡಿದ್ದು. ಸಾಲು ಅವಳದು. ನಾನೇನು ಹೇಳಲಿ?” ಎಂದೆ.

ಹಿಂದಿನಿಂದ ಥಾರ್ನ್‌ಹಿಲ್ ತಾನೇ ಸಾರೋಟಿನಲ್ಲಿ ಬಂದ. ಸಾಲು ನೋಡಿದ, ಸೂಕಿ ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ. ಜಗಳವಾಗುತ್ತದೆಂದುಕೊಂಡೆ. ನಮ್ಮ ಗಾಡಿಯವರು ಒಬ್ಬೊಬ್ಬರಾಗಿ ಕೆಳಗಿಳಿದು ಸುಮ್ಮನೆ ನಿಂತರು. ಮೂವತ್ತು ಜನ. ಅವನು ಮೇಸ್ತ್ರಿಗೆ ಏನೋ ಹೇಳಿ ಸಾರೋಟು ತಿರುಗಿಸಿದ. ಹೊರಟೇಹೋದ ಎಂದುಕೊಂಡೆವು. ಇಲ್ಲ. ಬಿಳಿ ಹೋರಿಯ ಹಿಂದೆ ಹೋಗಿ ನಿಲ್ಲಿಸಿದ. ಎಂಟು ಗಾಡಿಗಳೂ ಅವನ ಹಿಂದೆ ಹೋದವು. ಮಧ್ಯಾಹ್ನ ಎರಡರವರೆಗೆ ಅವನು ಓಕ್ ಮರದ ನೆರಳಿನಲ್ಲಿ ಪತ್ರಿಕೆ ಓದುತ್ತ ಕೂತಿದ್ದ. ಯಾರೂ ಅವನನ್ನು ಅಣಕಿಸಲಿಲ್ಲ. ಸೂಕಿ ಅತ್ತೆ ಮನೆಗೆ ಹೋಗದೆ ಕೊನೆಯವರೆಗೂ ಅಲ್ಲೇ ಕೂತಿದ್ದಳು, ನೋಡಲೆಂದೇ. ಗೆಣಸು ಸುಟ್ಟುಕೊಂಡು ಎಲ್ಲರಿಗೂ ಹಂಚಿದಳು, ಅವನಿಗೂ ಒಂದು ಕಳಿಸಿದಳು. ಅವನು ತಿಂದ.

ಉಗಿಹಡಗಿನ ನಾಯಕ ಬೆಳಿಗ್ಗೆ ಸೂಕಿ ಅತ್ತೆಯ ಎರಡು ಮೂಟೆ ಹೇರಿಸಿಕೊಂಡು ಚೀಟಿ ಬರೆಯುವಾಗ, “ಮಾಲಿನ ಒಡೆಯರು ಯಾರು?” ಎಂದು ಕೇಳಿದ್ದ. ಅದು ಅವನು ಎಲ್ಲರನ್ನೂ ಕೇಳುವ ಮಾತು. ಅವಳಿಗೆ ಮಾತ್ರ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು. ಆಮೇಲೆ ನೆಟ್ಟಗೆ ನಿಂತು, ದಕ್ಕೆಯವರೆಲ್ಲರಿಗೂ ಕೇಳುವಂತೆ ಹೇಳಿದಳು:

“ನಾನು.”

ನಿನ್ನ ತಮ್ಮ
ಮಿಂಗೊ